ಎಲೆಯ ಬಣ್ಣವೂ ಗಿಡದ ಹಸಿವೂ

ಕಳೆದ ದಸರೆಯ ರಜೆ ಮುಗಿದು ಪಾಠಶಾಲೆ ತೆರೆದ ದಿನ, ಗೋಡೆಯ ಪಕ್ಕದ ದಾಸವಾಳದ ಸಾಲು ಹಳದಿಗೆ ತಿರುಗಿದ್ದುದನ್ನು ಕಂಡೆನು. ನೀರು ಹಾಕುವ ಸರದಿಯಲ್ಲಿದ್ದ ವಸತಿಗೃಹದ ಬಾಲಿಕೆಯನ್ನು ಕರೆದು, ಅವಳ ಅಲಕ್ಷ್ಯದಿಂದಲೇ ಹೀಗಾಯಿತೆಂದು ಗದರಿಸಿದೆನು. ಅವಳು ತಲೆತಗ್ಗಿಸಿ ನಿಂತಳೇ ಹೊರತು ಎದುರಾಡಲಿಲ್ಲ. ಬಳಿಕ ಗಿಡಗಳಿಗೆ ಯೂರಿಯ ಹಾಕಿಸಿದೆನು. ಹದಿನೈದು ದಿನಗಳಾದರೂ ಗುಣ ಕಾಣದೆ ಹಳದಿಯು ಇನ್ನೂ ಹೆಚ್ಚಿತು. ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆನು. ಎಂದರೆ, ಎಲೆಗಳನ್ನು ಹತ್ತಿರದಿಂದ ನೋಡಿದೆನು. ಕೆಳಗಿನ ಹಳೆಯ ಎಲೆಗಳು ಹಸುರಾಗಿಯೇ ಇದ್ದುವು. ತುದಿಯ ಎಳೆಯ ಎಲೆಗಳು ಮಾತ್ರ ಹಳದಿಯಾಗಿದ್ದು, ಅವುಗಳಲ್ಲಿಯೂ ನರಗಳು ಹಸುರು ಗೆರೆಗಳಂತೆ ಉಳಿದಿದ್ದುವು.

ಕೊರತೆಯ ಗುರುತು ಹಳೆಯ ಎಲೆಯಲ್ಲಿ ತೋರುವುದೋ ಎಳೆಯದರಲ್ಲಿ ತೋರುವುದೋ ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವು ಗಿಡದೊಳಗೆ ಸಂಚರಿಸಬಲ್ಲವು. ಇವು ಸಾಲದಾದಾಗ, ತಾಯಿಯು ತನ್ನ ತುತ್ತನ್ನು ಕೂಸಿಗೆ ಕೊಡುವಂತೆ, ಗಿಡವು ಹಳೆಯ ಎಲೆಯಿಂದ ಅವನ್ನು ಸೆಳೆದು ಚಿಗುರಿಗೆ ಸಾಗಿಸುವುದು. ಆದಕಾರಣ ಹಳೆಯ ಎಲೆಯೇ ಮೊದಲು ಬಾಡುವುದು. ಕಬ್ಬಿಣ ಮತ್ತು ಸುಣ್ಣದಂಶಗಳಾದರೋ ಒಮ್ಮೆ ನೆಲೆಸಿದ ಎಡೆಯಿಂದ ಸುಲಭವಾಗಿ ಕದಲವು. ಅವು ಸಾಲದಿದ್ದಲ್ಲಿ ಚಿಗುರೇ ಮೊದಲು ಸೊರಗುವುದು.

ಹಳೆಯ ಎಲೆ ಇಡಿಯಾಗಿ ಬಿಳಿಚಿದರೆ ಸಾರಜನಕ ಸಾಲದೆಂದು ತಿಳಿಯಬಹುದು. ಇದಕ್ಕೆ ಹಟ್ಟಿಗೊಬ್ಬರವೂ ಹೊಂಗೆಯ ಹಿಂಡಿಯೂ ಸಾಕು. ಹಳೆಯ ಎಲೆಯ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ, ಅಂಚು ಸುಟ್ಟಂತಾದರೆ ಪೊಟ್ಯಾಷು. ಹುಣಸೂರು, ಪಿರಿಯಾಪಟ್ಟಣಗಳ ಕೆಂಪು ಮರಳುಮಣ್ಣಿನಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಗಳಿಂದ ಬಂದ ಬಾಲಿಕೆಯರಿಗೆ ಪೊಟ್ಯಾಷಿನ ಮಾತು ಹೊಸದಲ್ಲ. ಕ್ಲೋರೈಡು ಹೆಚ್ಚಾದರೆ ಸೊಪ್ಪು ಸರಿಯಾಗಿ ಉರಿಯದಾದುದರಿಂದ ಅದಕ್ಕೆ ಪೊಟ್ಯಾಷ್ ಸಲ್ಫೇಟನ್ನೇ ಹಾಕುವುದೆಂಬುದನ್ನೂ ಅವರು ಬಲ್ಲರು.

ಕೊರತೆಯನ್ನು ರೋಗವೆಂದು ಭ್ರಮಿಸುವುದು ಪಂಡಿತರಿಗೂ ತಪ್ಪಿದ್ದಲ್ಲ. ಹಿಮಾಲಯದ ತಪ್ಪಲಿನ ತರಾಯಿ ಸೀಮೆಯಲ್ಲಿ ಬತ್ತವನ್ನು ಕೆಡಿಸುತ್ತಿದ್ದ ‘ಖೈರಾ’ ಎಂಬುದು ಸತುವಿನ ಕೊರತೆಯೆಂದು ಪಂತನಗರದ ವೈ. ಎಲ್. ನೆನೆಯವರು ೧೯೬೬ರಲ್ಲಿ ತೋರಿಸಿದರು. ಕೃಷ್ಣರಾಜನಗರದಂತಹ ನಾಲೆಯ ಬಯಲಿನವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ನೀರು ನಿಂತ ಗದ್ದೆಯಲ್ಲಿ ಸತುವು ಬೇರಿಗೆ ದೊರೆಯುವುದು ಕಡಮೆ.

ನಮ್ಮ ದಾಸವಾಳಕ್ಕೆ ಸಾಲದೆ ಹೋದುದು ಕಬ್ಬಿಣ. ಸೋಜಿಗವೆಂದರೆ, ನಮ್ಮ ಮಣ್ಣಿಗೆ ಕೆಂಪು ಬಂದಿರುವುದೇ ಕಬ್ಬಿಣದಿಂದ! ಆದರೆ ಮಣ್ಣಿನಲ್ಲಿ ಸುಣ್ಣ ಹೆಚ್ಚಿದರೆ ಆ ಕಬ್ಬಿಣವು ನೀರಿನಲ್ಲಿ ಕರಗದೆ ಬೇರಿಗೆ ನಿಲುಕದು. ರಜೆಯಲ್ಲಿ ಆ ಗೋಡೆಗೆ ಸುಣ್ಣ ಬಳಿಸಿದ್ದೆವು. ಬಾಲಿಕೆಯನ್ನು ಮತ್ತೆ ಕರೆದು ನನ್ನ ತಪ್ಪನ್ನು ಒಪ್ಪಿಕೊಂಡಾಗ, ಕೆಲಸದವರು ಸುಣ್ಣದ ಬಕೀಟುಗಳನ್ನು ಗಿಡದ ಬುಡದಲ್ಲಿಯೇ ತೊಳೆಯುತ್ತಿದ್ದುದನ್ನು ತಾನು ನೋಡಿದ್ದಳೆಂದು ತಿಳಿಸಿದಳು. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಲೀಟರು ನೀರಿಗೆ ೫ ಗ್ರಾಂ ಅನ್ನಭೇದಿಯನ್ನು ಕರಗಿಸಿ, ಒಂದು ನಿಂಬೆಯ ರಸ ಹಿಂಡಿ, ಬಟ್ಟೆಯಲ್ಲಿ ಸೋಸಿ, ಸಂಜೆಯ ಹೊತ್ತು ಮೊದಲು ಒಂದೇ ಕೊಂಬೆಗೆ ಸಿಂಪಡಿಸಿದೆವು. ಹತ್ತು ದಿನಗಳೊಳಗಾಗಿ ಆ ಕೊಂಬೆ ಮಾತ್ರ ಹಸುರಾಯಿತು. ಊಹೆ ನಿಜವೆಂದು ಗೊತ್ತಾದ ಮೇಲೆ ಉಳಿದವಕ್ಕೂ ಸಿಂಪಡಿಸಿ, ಸುಣ್ಣ ಬೆರೆತ ಮೇಲ್ಮಣ್ಣನ್ನು ತೆಗೆಸಿ ಕೊಳೆತ ಎಲೆಗೊಬ್ಬರವನ್ನು ತುಂಬಿಸಿದೆವು. ಒಲೆಯ ಬೂದಿಯಲ್ಲಿ ಪೊಟ್ಯಾಷು ಉಂಟಾದರೂ, ಅದೂ ಸುಣ್ಣದಂತೆ ಕ್ಷಾರಗುಣದ್ದೇ ಆದುದರಿಂದ, ಆ ಸಾಲಿಗೆ ಈಗಲೂ ಬೂದಿ ಹಾಕಿಸುವುದಿಲ್ಲ.