ಒಂದು ಡೀಪಿ, 15 ಮೋಟಾರು, ಏಳೇಳು ಸೆಕೆಂಡು

ಸಾಸ್ತೂರ, ಉಮರ್ಗಾ, ನಿಲಂಗಾ ಸೀಮೆಯಲ್ಲಿ ಹಿಂಗಾರಿ ಜೋಳಕ್ಕೆ, ಕಡಲೆಗೆ ನೀರು ಹಾಯಿಸುವ ದಿನಗಳಲ್ಲಿ ಹೊಲದ ಕೆಲಸವೆಲ್ಲ ಲೈಟು ಬರುವ ಹೊತ್ತಿಗೆ ಕಟ್ಟುಬಿದ್ದಿರುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುತ್ತದೆ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ನಡುರಾತ್ರಿ ಬ್ಯಾಟರಿ ಹಿಡಿದು, ಹಾವು ಚೇಳಿಗೆ ಅಂಜುತ್ತ ಬಾವಿಗೆ ಹೋಗಿ ಗುಂಡಿ ಒತ್ತುವವರು ಯಾರು? ಅದಕ್ಕೇ ಲೈಟು ಬಂದೊಡನೆ ಮೋಟಾರನ್ನು ತಾನೇ ಎಬ್ಬಿಸುವ ಆಟೋ ಸ್ವಿಚ್ಚನ್ನು ಸ್ಟಾರ್ಟರಿಗೆ ಹಾಕಿಸಿರುತ್ತಾರೆ. ರೈತನ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಆದರೆ ಡೀಪಿಯ ಲೆಕ್ಕ ಬೇರೆ.

100 ಕೆವಿಎ ಡೀಪಿ, ಅಂದರೆ ಟ್ರಾನ್ಸ್‌ಫಾರ್ಮರು, ಪೂರ್ಣ ಹೊರೆಯಲ್ಲಿ ಪ್ರತಿ ಫೇಸಿಗೆ ಸುಮಾರು 133 ಆಂಪಿಯರ್ ಕೊಡಬಲ್ಲದು. 5 ಎಚ್‌ಪಿ ಮೋಟಾರು ಓಡುವಾಗ ಎಳೆಯುವುದು 7.5 ಆಂಪಿಯರಿನ ಆಚೀಚೆ. ಅಂಥ 15 ಮೋಟಾರು ಇದ್ದರೆ 112 ಆಂಪಿಯರ್ ಆಯಿತು, ಡೀಪಿ ಆರಾಮವಾಗಿ ಹೊರುತ್ತದೆ. ಆದರೆ ನೇರವಾಗಿ ಚಾಲೂ ಆಗುವ ಮೋಟಾರು ಮೊದಲ ಎರಡು ಮೂರು ಸೆಕೆಂಡು ಆರು ಪಟ್ಟು ಕರೆಂಟು ಬೇಡುತ್ತದೆ. ಒಂದಕ್ಕೆ 45 ಆಂಪಿಯರ್. ಹದಿನೈದೂ ಒಟ್ಟಿಗೆ ಎದ್ದರೆ 675. ಡೀಪಿಯ ತಾಕತ್ತಿನ ಐದು ಪಟ್ಟು! ಪ್ರತ್ಯಕ್ಷದಲ್ಲಿ ವೋಲ್ಟೇಜ್ ಕುಸಿಯುವುದರಿಂದ ಅಷ್ಟು ಪೂರ್ತಿ ಹರಿಯುವುದಿಲ್ಲ. ಅದರಿಂದ ಸಮಾಧಾನಪಡುವ ಹಾಗೂ ಇಲ್ಲ. ವೋಲ್ಟೇಜ್ ಕುಸಿದರೆ ಮೋಟಾರುಗಳು ವೇಗ ಹಿಡಿಯದೆ ಗುಂಯ್‌ಗುಡುತ್ತ ಆ ಭಾರಿ ಕರೆಂಟನ್ನೇ ಇನ್ನಷ್ಟು ಹೊತ್ತು ಎಳೆಯುತ್ತವೆ. ಆಗ ಫ್ಯೂಜು ಹಾರುತ್ತದೆ, ವೈಂಡಿಂಗ್ ಸುಡುತ್ತದೆ. ಆಟೋ ಸ್ವಿಚ್ ತೆಗೆಯಿರಿ, ಕೆಪ್ಯಾಸಿಟರ್ ಹಾಕಿರಿ ಎಂದು ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣ ಮತ್ತೆ ಮತ್ತೆ ಕೇಳಿಕೊಳ್ಳುವುದು ಇದೇ ಕಾರಣಕ್ಕೆ.

ಈಗ ಅದೇ 15 ಮೋಟಾರುಗಳನ್ನು ಏಳೇಳು ಸೆಕೆಂಡು ಬಿಟ್ಟು ಒಂದೊಂದಾಗಿ ಎಬ್ಬಿಸಿ. ಕೊನೆಯದು ಏಳುವಾಗ 14 ಮೋಟಾರು ಓಡುತ್ತಿರುತ್ತವೆ. ಅವುಗಳ 105 ಆಂಪಿಯರಿಗೆ ಇದರ 45 ಸೇರಿ 150. ಅದೂ ಎರಡು ಮೂರು ಸೆಕೆಂಡಿನ ಮಾತು. 675ರ ಜಾಗದಲ್ಲಿ 150. ಇದಕ್ಕೆ ಬೇಕಾದದ್ದು ಎಂಟು ಕಾಲಿನ ಒಂದು ಐಸಿ, 555.

ಹನ್ಸ್ ಕಮೆಂಜಿಂಡ್ ಎಂಬ ಸ್ವಿಸ್ ಎಂಜಿನಿಯರ್ ಸಿಗ್ನೆಟಿಕ್ಸ್ ಕಂಪನಿಗಾಗಿ 1971ರಲ್ಲಿ ರೂಪಿಸಿದ ಐಸಿ ಇದು. 1972ರಿಂದ ಮಾರಾಟದಲ್ಲಿದೆ, ಇಂದಿಗೂ ಹವ್ಯಾಸಿಗಳ ಟೈಮರ್ ಕಿಟ್ಟುಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ನಮ್ಮ ಜೋಡಣೆಯಲ್ಲಿ ಕಂಡೆನ್ಸರಿನ ಒಂದು ತುದಿ 12 ವೋಲ್ಟಿಗೆ, ಇನ್ನೊಂದು ತುದಿ ಐಸಿಯ 2 ಮತ್ತು 6ನೇ ಕಾಲಿಗೆ. ಅಲ್ಲಿಂದ ರೆಜಿಸ್ಟರ್ ನೆಲಕ್ಕೆ. ಲೈಟು ಬಂದಾಗ ಆ ಕಾಲುಗಳ ಮೇಲೆ 12 ವೋಲ್ಟು ಇರುತ್ತದೆ. ಕಂಡೆನ್ಸರ್ ತುಂಬಿದಂತೆ ಅದು ಇಳಿಯುತ್ತ ಮೂರನೇ ಒಂದು ಭಾಗಕ್ಕೆ, 4 ವೋಲ್ಟಿಗೆ ಬಂದೊಡನೆ ರಿಲೇ, ಅಂದರೆ ಮೋಟಾರನ್ನು ಎಬ್ಬಿಸುವ ಪುಟ್ಟ ಸ್ವಿಚ್ಚು, ಟಕ್ ಎನ್ನುತ್ತದೆ. 3ರ ನೈಸರ್ಗಿಕ ಲಾಗರಿದಮ್ 1.0986. ಹಾಗಾಗಿ ತಡದ ಸೂತ್ರ 1.1 × ರೆಜಿಸ್ಟರ್ × ಕಂಡೆನ್ಸರ್. 100 ಮೈಕ್ರೋಫ್ಯಾರಡ್ ಕಂಡೆನ್ಸರಿಗೆ 47 ಕಿಲೋ ಓಮ್ ಹಾಕಿದರೆ 5 ಸೆಕೆಂಡು. ಅದರ ಜೊತೆ 1 ಮೆಗಾ ಓಮ್ ಪ್ರೀಸೆಟ್ ಪೂರ್ತಿ ತಿರುಗಿಸಿದರೆ 115 ಸೆಕೆಂಡು. ಏಳೇಳರಂತೆ 15ನೇ ಸರದಿ 105ಕ್ಕೆ ಬೀಳುತ್ತದೆ. ಎಲ್ಲ ಸರದಿಗೂ ಒಂದೇ ಬಗೆಯ ಬೋರ್ಡು ಸಾಕು.

ಖರ್ಚು ನನ್ನ ಅಂದಾಜಿನದು, ಬಿಡಿಭಾಗದ ಅಂಗಡಿಯಲ್ಲಿ ಹೆಚ್ಚುಕಡಿಮೆ ಆಗಬಹುದು. ಐಸಿ 10 ರೂಪಾಯಿ, ಸಾಕೆಟ್ 3, ಪ್ರೀಸೆಟ್ 8, ಎರಡು ರೆಜಿಸ್ಟರ್ 2, ಎರಡು ಕಂಡೆನ್ಸರ್ 4, ಎರಡು ಡಯೋಡ್ 3, ಎಲ್‌ಇಡಿ 2, 12 ವೋಲ್ಟಿನ ರಿಲೇ 25, ತೂತಿನ ಬೋರ್ಡು 20, ಸ್ಕ್ರೂ ಟರ್ಮಿನಲ್ 16. ಒಟ್ಟು 93. ಒಂದು ಡಯೋಡ್ ರಿಲೇಗೆ ಅಡ್ಡಲಾಗಿ. ಇನ್ನೊಂದು ರೆಜಿಸ್ಟರಿಗೆ, ಲೈಟು ಹೋದೊಡನೆ ಕಂಡೆನ್ಸರನ್ನು ಬರಿದು ಮಾಡಲು. ಈ ಎರಡನೆಯದನ್ನು ಬಿಟ್ಟರೆ, ಲೈಟು ಹೋಗಿ ಕ್ಷಣದಲ್ಲಿ ಮರಳಿದಾಗ ಸರದಿಯೆಲ್ಲ ಕಲಸಿಹೋಗುತ್ತದೆ. 12 ವೋಲ್ಟಿನ ಅಡಾಪ್ಟರ್ 120 ಎನ್ನಿ. 15 ಬೋರ್ಡಿಗೆ 1,395, ಅಡಾಪ್ಟರಿಗೆ 1,800, ಬೆಸುಗೆ ಕಡ್ಡಿ ಮತ್ತು ಸೀಸದ ತಂತಿಗೆ 300. ಎಲ್ಲ ಸೇರಿ 3,495, ಹೊಲಕ್ಕೆ 233 ರೂಪಾಯಿ.

ಒಂದು ಬೋರ್ಡಿಗೆ 35 ಬೆಸುಗೆ, ಹದಿನೈದಕ್ಕೆ 525. ಕೈ ಹೊಸದಾದರೂ ಬೆಸುಗೆಗೆ ಒಂದು ನಿಮಿಷ ಹಿಡಿದರೆ ಬೋರ್ಡಿಗೆ 35 ನಿಮಿಷ. ಹೈಸ್ಕೂಲಿನ ಹುಡುಗ ಹುಡುಗಿಯರು ಒಂದು ವಾರದ ಸಂಜೆಗಳಲ್ಲಿ ಮುಗಿಸುವ ಕೆಲಸ.

ಕಷ್ಟ ಇರುವುದು ಬೆಸುಗೆಯಲ್ಲಲ್ಲ, ಅಳತೆಯಲ್ಲಿ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಮೇಲೆ 100 ಎಂದು ಬರೆದಿದ್ದರೂ ಒಳಗೆ 80 ಇರಬಹುದು, 120 ಕೂಡ ಇರಬಹುದು. ಶೇ. 20ರ ಈ ಅಂತರ 105 ಸೆಕೆಂಡಿನ ಸರದಿಯಲ್ಲಿ 21 ಸೆಕೆಂಡಾಗುತ್ತದೆ. ಅಂದರೆ ಮೂರು ಹೊಲ ದಾಟಿ ಬೇರೆಯವರ ಸರದಿಗೆ ಹೋಗಿ ಬಿದ್ದಂತೆ. ಆದ್ದರಿಂದ ಸೂತ್ರ ನಂಬಿ ಕೂಡಬೇಡಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಪ್ರೀಸೆಟ್ ತಿರುಗಿಸಿ (ಪೂರ್ತಿ ತಿರುಗಿಸಿದರೂ ಸಾಲದಿದ್ದರೆ ಕಂಡೆನ್ಸರ್ ಬದಲಿಸಿ), ಮೂರು ಮೂರು ಸಲ ಅಳೆದು, ಸೆಕೆಂಡನ್ನು ಡಬ್ಬಿಯ ಮೇಲೆ ಬಣ್ಣದಲ್ಲಿ ಬರೆಯಿರಿ. ತಗಡಿನ ಶೆಡ್ಡಿನ ಬಿಸಿಲಿಗೆ 85 ಡಿಗ್ರಿಯ ಬದಲು 105 ಡಿಗ್ರಿಯ ಕಂಡೆನ್ಸರ್ ಕೇಳಿ ತನ್ನಿ. ಇಷ್ಟಾದ ಮೇಲೂ ಎಲ್ಲಾದರೂ ಎರಡು ಮೋಟಾರು ಕೂಡಿ ಎದ್ದರೆ 188 ಆಂಪಿಯರ್ ದಾಟದು.

ಒಂದು ಎಚ್ಚರ, ಪ್ರಾಣದ ಮಾತು. ಈ ಪುಟ್ಟ ರಿಲೇ 250 ವೋಲ್ಟಿನದು. ಸ್ಟಾರ್ಟರಿನ ಕಾಯಿಲ್ ಸಾಮಾನ್ಯವಾಗಿ ಎರಡು ಫೇಸಿನ ನಡುವೆ, 415 ವೋಲ್ಟಿನ ಮೇಲೆ ಇರುತ್ತದೆ. ಎರಡನ್ನೂ ನೇರ ಜೋಡಿಸಕೂಡದು. ನಡುವೆ 230 ವೋಲ್ಟಿನ ಕಾಯಿಲ್ ಇರುವ ಕಾಂಟ್ಯಾಕ್ಟರ್ ಹಾಕಿಸಬೇಕು, ಹಾಕುವವರು ಲೈಸೆನ್ಸ್ ಇರುವ ವೈರಮನ್ನರೇ ಆಗಬೇಕು. ಇದರ ಖರ್ಚು ಮೇಲಿನ ಲೆಕ್ಕದಲ್ಲಿಲ್ಲ; ಟೈಮರಿನ ಮೂರು ನಾಲ್ಕು ಪಟ್ಟು ಹಿಡಿದುಕೊಳ್ಳಿ. ಹುಡುಗರ ಕೆಲಸ 12 ವೋಲ್ಟಿನ ಬೋರ್ಡಿಗೇ ಮುಗಿಯಲಿ.

ಅಂಗಡಿಯ ಕೆಲವು ಆಟೋ ಸ್ವಿಚ್ಚುಗಳಲ್ಲಿ ತಡದ ಗುಂಡಿ ಮೊದಲೇ ಇರುತ್ತದೆ. ಹಾಗಿದ್ದರೆ ಈ ಖರ್ಚೂ ಬೇಡ. ಎಲ್ಲರೂ ಅದನ್ನು ಒಂದೇ ಅಂಕಿಯಲ್ಲಿ ಬಿಟ್ಟಿರುವುದರಿಂದಲೇ ಉಪಯೋಗವಾಗುತ್ತಿಲ್ಲ.

ಕೊನೆಯ ಸರದಿಯವರಿಗೆ ಅನ್ಯಾಯವಾಯಿತೇ? 8 ತಾಸಿನ ಪಾಳಿಯಲ್ಲಿ 28,800 ಸೆಕೆಂಡು. ಅದರಲ್ಲಿ 105 ಅಂದರೆ ಶೇ. 0.36. ಪಂಪು ಸೆಕೆಂಡಿಗೆ 5 ಲೀಟರ್ ಎತ್ತಿದರೆ 525 ಲೀಟರ್, ಎರಡೂವರೆ ಬ್ಯಾರೆಲ್ ನೀರು. ಡೀಪಿ ಸುಟ್ಟರೆ ಇಡೀ ಪಾಳಿಯೇ ಹೋಗುತ್ತದೆ, ಮೊದಲ ಸರದಿಯವರದೂ ಹೋಗುತ್ತದೆ. ಬೇಕಾದರೆ ವರ್ಷಕ್ಕೊಮ್ಮೆ ಚೀಟಿ ಎತ್ತಿ ಸರದಿ ಬದಲಿಸಿಕೊಳ್ಳಿ.

ಹಿಂಗಾರಿಯ ಮೊದಲ ನೀರಿಗೂ ಮುಂಚೆ ನಿಮ್ಮ ಡೀಪಿಯ ಮೇಲಿನ ಮೋಟಾರುಗಳನ್ನು ಎಣಿಸಿ, ಎಚ್‌ಪಿ ಸಮೇತ ಬರೆದಿಡಿ. 100 ಕೆವಿಎ ಡೀಪಿಯ ಮೇಲೆ 5 ಎಚ್‌ಪಿಯ ಮೋಟಾರು 17 ದಾಟಿದ್ದರೆ ಯಾವ ಟೈಮರೂ ಅದನ್ನು ಉಳಿಸಲಾರದು. ಹೆಚ್ಚಿನ ಡೀಪಿಗಾಗಿ ಎಲ್ಲರೂ ಸಹಿ ಮಾಡಿ ಅರ್ಜಿ ಕೊಡಿ.