ದೂರದ ದನಿಗೆ ಮನೆಯ ಗದ್ದಲವೇ ಅಡ್ಡಿ

ಹವ್ಯಾಸಿ ಬಾನುಲಿಗರ ದನಿ ಬಡವರ ದನಿ. ಆಕಾಶವಾಣಿಯ ದೊಡ್ಡ ಕೇಂದ್ರಗಳಿಗಿರುವ ಬಲ ಅದಕ್ಕಿಲ್ಲ. ಅವರಲ್ಲಿ ಅನೇಕರ ಯಂತ್ರಗಳು 100 ವಾಟ್ ಇಲ್ಲವೆ ಅದಕ್ಕೂ ಕಡಿಮೆ ಶಕ್ತಿಯಿಂದ ಮಾತನ್ನು ಹೊರಡಿಸುತ್ತವೆ. ಹಿಂದಿನ ಕಾಲದ ಒಂದು ಬಲ್ಬು ಉರಿಯಲು ಬೇಕಾಗುತ್ತಿದ್ದಷ್ಟು! ಹಾಗೆ ಹೊರಟ ಮಾತು ಸಾವಿರಾರು ಮೈಲಿ ದಾಟಿ ಬಂದು, ಕೇಳುವವನ ಹೊಸ್ತಿಲಲ್ಲಿ ಗರಗರ ಸದ್ದಿನೊಳಗೆ ಮುಳುಗಿಹೋದರೆ ಅದಕ್ಕಿಂತ ವಿಷಾದ ಬೇರುಂಟೆ?

ಇದು ಕೇವಲ ವಿನೋದದ ಮಾತಲ್ಲ. 2004ರ ಡಿಸೆಂಬರ್ 26ರಂದು ಸುನಾಮಿಯು ಅಂಡಮಾನ್ ದ್ವೀಪಗಳನ್ನು ಅಪ್ಪಳಿಸಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳ ಪುಟ್ಟ ತಂಡವೊಂದು ತನ್ನ ವಿನೋದವನ್ನು ಬದಿಗಿರಿಸಿ, ದ್ವೀಪಗಳಿಂದ ಮುಖ್ಯಭೂಮಿಗೆ ಸುದ್ದಿ ಸಾಗಿಸುವ ಹೊಣೆ ಹೊತ್ತಿತು. ಅಂಥ ಗಳಿಗೆಯಲ್ಲಿ ಸರಿಯಾಗಿ ಕೇಳಿಸದೆ ಹೋದ ಒಂದು ಹೆಸರು ಒಂದು ಕುಟುಂಬದ ನೆಮ್ಮದಿಯನ್ನೇ ಕಸಿದುಕೊಳ್ಳಬಲ್ಲುದು.

ಗದ್ದಲ ಹೆಚ್ಚಿದೊಡನೆ ಧ್ವನಿಯ ತಿರುಗುಗುಂಡಿಗೆ ಕೈ ಹೋಗುವುದು ಸಹಜ. ಆದರೆ ಅದರಿಂದ ಮಾತಿನೊಡನೆ ಗದ್ದಲವೂ ಏರುವುದು. ಮಾತಿಗೂ ಗದ್ದಲಕ್ಕೂ ನಡುವಣ ಅಂತರ ಹೆಚ್ಚಿದಾಗ ಮಾತ್ರ ಮಾತು ತಿಳಿಯಾಗಿ ಕೇಳಿಸೀತು.

ಈ ಗದ್ದಲದ ತವರು ಇಂದಿನ ನಗರಗಳಲ್ಲಿ ಬಹುಮಟ್ಟಿಗೆ ಮನೆಯೇ ಆಗಿದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು, ಟೆಲಿವಿಷನ್ ಇವುಗಳೊಳಗಿನ ವ್ಯವಸ್ಥೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುತ್ತಿರುತ್ತದೆ. ಆ ಒಂದೊಂದು ಹೊಡೆತವೂ ರೇಡಿಯೋ ಅಲೆಗಳನ್ನೆಬ್ಬಿಸುತ್ತದೆ. ಗೋಡೆಯಲ್ಲಿ ಹುದುಗಿದ ತಂತಿಗಳೇ ಅವನ್ನು ಹರಡುವ ಏರಿಯಲ್ ಆಗುತ್ತವೆ. ಚಟ್ನಿ ರುಬ್ಬುವ ಮಿಕ್ಸಿಯ ಮೋಟಾರಿನಲ್ಲಿ ಹಾರುವ ಕಿಡಿಗಳೂ ಚಟಪಟ ಸದ್ದಾಗಿ ಕಿವಿಗೆ ಬೀಳುತ್ತವೆ.

ಕಳ್ಳನನ್ನು ಹಿಡಿಯುವ ಉಪಾಯ ಸುಲಭ. ಬ್ಯಾಟರಿಯಿಂದ ನಡೆಯುವ ರೇಡಿಯೋವನ್ನು ಹಚ್ಚಿ, ಮನೆಯ ಮೇನ್ ಸ್ವಿಚ್ಚನ್ನೂ, ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಗದ್ದಲ ತಟ್ಟನೆ ತಗ್ಗಿದರೆ ಕಳ್ಳ ಮನೆಯೊಳಗಿನವನೇ! ಬಳಿಕ ಒಂದೊಂದೇ ಉಪಕರಣವನ್ನು ಹಚ್ಚುತ್ತ ಹೋದರೆ ಅವನ ಗುರುತು ಸಿಕ್ಕುವುದು. ತಗ್ಗದಿದ್ದರೆ ನೆರೆಮನೆಯನ್ನೋ ಬೀದಿಯ ಕಂಬವನ್ನೋ ಶಂಕಿಸಬೇಕು. ಕಂಬದ ತಂಟೆಗೆ ತಾವೇ ಹೋಗದೆ ವಿದ್ಯುತ್ ಕಚೇರಿಗೆ ತಿಳಿಸುವುದೇ ಕ್ಷೇಮ.

ಸಿಕ್ಕಿಬಿದ್ದ ಉಪಕರಣವನ್ನು ಆಲಿಸುವ ಹೊತ್ತಿನಲ್ಲಿ ಆರಿಸಬಹುದು, ಇಲ್ಲವೆ ಬದಲಿಸಬಹುದು. ಅದು ಆಗದಿದ್ದರೆ ಅದರ ತಂತಿಯನ್ನು ಫೆರೈಟ್ ಬಳೆಯೊಂದಕ್ಕೆ ಹಲವು ಸುತ್ತು ಸುತ್ತಿದರೆ, ತಂತಿಗುಂಟ ಹರಿದು ಹೊರಬೀಳುವ ಗದ್ದಲ ತಗ್ಗುತ್ತದೆ. ಏರಿಯಲನ್ನು ಕೋಣೆಯಿಂದ ಹೊರಗೆ, ಮನೆಯಿಂದಲೂ ವಿದ್ಯುತ್ ತಂತಿಗಳಿಂದಲೂ ಸಾಧ್ಯವಾದಷ್ಟು ದೂರ ಕಟ್ಟಬೇಕು. ಜಾಗವಿಲ್ಲದವರಿಗೆ ಪುಟ್ಟ ಬಳೆಯಾಕಾರದ ಏರಿಯಲ್ ಉಂಟು. ಅದನ್ನು ಮೆಲ್ಲನೆ ತಿರುಗಿಸಿ, ಅದರ ಕಿವುಡು ದಿಕ್ಕನ್ನು ಗದ್ದಲದ ಕಡೆಗೆ ನಿಲ್ಲಿಸಿದರಾಯಿತು. ಕೇಳುವ ಯಂತ್ರದಲ್ಲಿಯೂ ಅಲೆಪಟ್ಟಿಯ ಅಗಲವನ್ನು ಕಿರಿದುಗೊಳಿಸಬೇಕು. ಮಾತಿಗೆ ಸುಮಾರು 2,400 ಹರ್ಟ್ಸ್, ಮೋರ್ಸ್ ಸಂಕೇತಕ್ಕೆ 500 ಹರ್ಟ್ಸ್ ಸಾಕು. ಕಿಂಡಿ ಕಿರಿದಾದಷ್ಟೂ ಒಳನುಗ್ಗುವ ಗದ್ದಲ ಕಡಿಮೆ.

ಇಷ್ಟೆಲ್ಲ ಮಾಡಿದ ಮೇಲೂ ಸಣ್ಣದೊಂದು ಸದ್ದು ಉಳಿದೇ ಉಳಿಯುವುದು. ಅದರಲ್ಲಿ ದೂರದ ಗುಡುಗು ಮಿಂಚುಗಳ ಪಾಲಿದೆ; ಆಕಾಶದ ಪಾಲೂ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್‌ಸ್ಕಿ, ಸಾಗರದಾಚೆಗಿನ ರೇಡಿಯೋ ಟೆಲಿಫೋನಿಗೆ ಅಡ್ಡಿಯಾಗುವ ಗದ್ದಲದ ಮೂಲವನ್ನು ಅರಸುತ್ತ ಹೋಗಿ, ಅದರಲ್ಲಿನ ಒಂದು ನಿರಂತರ ಭುಸುಗುಟ್ಟುವಿಕೆ ಆಕಾಶಗಂಗೆಯಿಂದ ಬರುತ್ತಿದೆಯೆಂದು 1933ರಲ್ಲಿ ಪ್ರಕಟಿಸಿದರು. ರೇಡಿಯೋ ಖಗೋಳವಿಜ್ಞಾನಕ್ಕೆ ಅದೇ ನಾಂದಿಯಾಯಿತು.

ಆಕಾಶಗಂಗೆಯನ್ನು ಆರಿಸುವ ಸ್ವಿಚ್ಚು ಯಾರ ಮನೆಯಲ್ಲಿಯೂ ಇಲ್ಲ. ಚಾರ್ಜರಿನದು ಎಲ್ಲರ ಮನೆಯಲ್ಲಿಯೂ ಇದೆ. ಮನೆಯವರು ರಾತ್ರಿ ಒಂದು ಗಂಟೆ ಅದನ್ನು ಆರಿಸಲೊಪ್ಪಿದರೆ, ಸಾಗರದಾಚೆಯ ಬಡದನಿಯೊಂದಕ್ಕೆ ಒಳಬರಲು ದಾರಿಯಾದೀತು.