ಅಂಗಳಕ್ಕೆ ಕಲ್ಲು ಹಾಸುವ ಮುನ್ನ

ಮಳೆಗಾಲ ಕಳೆದ ಮೇಲೆ ಕುಂದಾಪುರ, ಬೈಂದೂರು ಕಡೆಯ ಮನೆಗಳಲ್ಲಿ ಮೊದಲು ಕೈಗೆತ್ತಿಕೊಳ್ಳುತ್ತಿದ್ದ ಕೆಲಸವೆಂದರೆ ಅಂಗಳ ಮಾಡುವುದು. ನಾಲ್ಕು ತಿಂಗಳ ಮಳೆಗೆ ಹೊಂಡಬಿದ್ದ ನೆಲವನ್ನು ಕೆತ್ತಿ, ಹೊಸ ಮಣ್ಣು ಹರಡಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು, ಸೆಗಣಿ ಸಾರಿಸಿದರೆ ಅಡಿಕೆ ಒಣಗಿಸುವುದಕ್ಕೂ ಭತ್ತ ಹರಡುವುದಕ್ಕೂ ನೆಲ ಸಿದ್ಧವಾಗುತ್ತಿತ್ತು. ಮುಂದಿನ ಮಳೆಗೆ ಅದು ಮತ್ತೆ ಕರಗುತ್ತಿತ್ತು. ಈಗ ಅನೇಕರು ಕಾಂಕ್ರೀಟಿನ ಇಂಟರ್‌ಲಾಕ್ ಕಲ್ಲುಗಳನ್ನು ಹಾಸಿ ಈ ವರ್ಷವರ್ಷದ ದುಡಿಮೆಯಿಂದ ಬಿಡುಗಡೆ ಪಡೆಯಬಯಸುತ್ತಾರೆ. ಆದರೆ ಎರಡನೆಯ ಮಳೆಗಾಲದಲ್ಲಿಯೇ ಕಲ್ಲುಗಳು ಕುಸಿದು, ಓರೆಯಾಗಿ, ನಡುವೆ ನೀರು ಮಡುಗಟ್ಟಿದ ಅಂಗಳಗಳೂ ಕಾಣಸಿಗುತ್ತವೆ. ಅಲ್ಲಿ ಒಂದು ಕಲ್ಲೂ ಒಡೆದಿರುವುದಿಲ್ಲ. ಹಾಗಾದರೆ ಕೆಟ್ಟುದು ಯಾವುದು?

ಕೆಟ್ಟುದು ಕಲ್ಲಿನ ಕೆಳಗಿನ ನೆಲ. ಅದನ್ನು ಕೆಡಿಸಿದ್ದು ನೀರು. ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಬೈಂದೂರಿನ ಪಕ್ಕದ ಯಡ್ತರೆಯಲ್ಲಿ ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಅಂಗಳವಿದೆಯೆಂದು ಭಾವಿಸಿರಿ. ಅದರ ವಿಸ್ತೀರ್ಣ ೪೦ ಚದರ ಮೀಟರ್. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ ಇರುವ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್, ಅಂದರೆ ನಾಲ್ಕು ಮೀಟರ್ ಮಳೆ ಬೀಳುತ್ತದೆ. ಹಾಗಾದರೆ ಈ ಪುಟ್ಟ ಅಂಗಳದ ಮೇಲೆ ಬೀಳುವ ನೀರು ೧೬೦ ಘನ ಮೀಟರ್. ಲೀಟರುಗಳಲ್ಲಿ ಹೇಳುವುದಾದರೆ ೧,೬೦,೦೦೦. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ತನಕದ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹಂಚಿನ ಮಾಡಿನಿಂದ ಇಳಿಯುವ ನೀರು ಇದಕ್ಕೆ ಹೊರತು. ಇಷ್ಟು ನೀರಿಗೆ ದಾರಿ ತೋರದೆ ಕಲ್ಲು ಹಾಸಿದರೆ, ನೀರು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ.

ಇನ್ನು ನೆಲದ ಸ್ವಭಾವವನ್ನು ನೋಡೋಣ. ಕರಾವಳಿಯ ದಿಣ್ಣೆಗಳಲ್ಲೆಲ್ಲ ಮುರಕಲ್ಲು ಹರಡಿದೆ. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಮುರಕಲ್ಲು ಗಟ್ಟಿಯಾದ ಆಸರೆಯೇ. ಆದರೆ ಅದರ ಪದರದ ಅಡಿಯಲ್ಲಿ ಅನೇಕ ಕಡೆ ಬಿಳುಪು, ಹಳದಿ ಅಥವಾ ನಸುಗೆಂಪಿನ ಶೇಡಿ ಮಣ್ಣು ಇರುತ್ತದೆ. ದಿಣ್ಣೆಯನ್ನು ಕಡಿದು ಮನೆಯ ನಿವೇಶನ ಮಾಡಿದಾಗ ಇದು ಮೇಲೆ ಕಾಣಿಸಿಕೊಳ್ಳುತ್ತದೆ. ಒಣಗಿರುವಾಗ ಶೇಡಿ ಹಾರೆಗೂ ಜಗ್ಗದು. ನೀರುಂಡರೆ ಅದರ ಬಲವೆಲ್ಲ ಕರಗಿಹೋಗುತ್ತದೆ.

ಹೀಗೇಕೆ? ಮಣ್ಣಿನ ಬಲವಿರುವುದು ಅದರ ಕಣಗಳು ಒಂದನ್ನೊಂದು ಒತ್ತಿ ಹಿಡಿಯುವುದರಲ್ಲಿ. ಕಣಗಳ ನಡುವಿನ ತೆರವುಗಳಲ್ಲಿ ನೀರು ತುಂಬಿ ಹೊರಹೋಗಲಾರದಾದಾಗ, ಮೇಲಿನ ಭಾರದ ಒಂದು ಪಾಲನ್ನು ಆ ನೀರೇ ಹೊರುತ್ತದೆ; ಕಣಗಳ ಹಿಡಿತ ಅಷ್ಟಕ್ಕಷ್ಟು ಸಡಿಲವಾಗುತ್ತದೆ. ಕಾರ್ಲ್ ಟೆರ್ಜಾಘಿ ಎಂಬ ಎಂಜಿನಿಯರು ೧೯೨೦ರ ದಶಕದಲ್ಲಿ ಈ ತತ್ತ್ವವನ್ನು ಸ್ಪಷ್ಟಪಡಿಸಿದನು. ಅಂಗಳದಿಂದ ಅಣೆಕಟ್ಟಿನವರೆಗೆ ಎಲ್ಲಕ್ಕೂ ಇದು ಅನ್ವಯಿಸುತ್ತದೆ.

ಆದುದರಿಂದ ಅಂಗಳದ ಯೋಜನೆಯಲ್ಲಿ ಎರಡು ಕೆಲಸಗಳಿವೆ: ಭಾರವನ್ನು ಹರಡುವುದು, ನೀರನ್ನು ಕಳುಹಿಸುವುದು.

ಭಾರ ಹರಡುವ ಕೆಲಸ ಜಲ್ಲಿಯದು. ಕಾರಿನ ಚಕ್ರವು ನೆಲವನ್ನು ಸುಮಾರು ೧೪ ಸೆಂಟಿಮೀಟರ್ ಚೌಕದಷ್ಟು ಜಾಗದಲ್ಲಿ ಒತ್ತುತ್ತದೆಂದು ಹಿಡಿಯೋಣ. ಕೆಳಗಿಳಿದಂತೆ ಆ ಒತ್ತಡವು ಗೋಪುರದ ಬುಡದಂತೆ ಅಗಲವಾಗುತ್ತದೆ. ಆಳ ಹೆಚ್ಚಿದಷ್ಟೇ ಚೌಕದ ಬದಿಯೂ ಹೆಚ್ಚುತ್ತದೆಂಬುದು ಎಂಜಿನಿಯರರ ಸ್ಥೂಲ ಲೆಕ್ಕ. ಕಲ್ಲು ೬, ಮರಳು ೩, ಜಲ್ಲಿ ೧೫, ಒಟ್ಟು ೨೪ ಸೆಂಟಿಮೀಟರ್ ಆಳದಲ್ಲಿ ೧೪ರ ಚೌಕ ೩೮ರ ಚೌಕವಾಗುತ್ತದೆ. ವಿಸ್ತೀರ್ಣ ಏಳು ಪಟ್ಟಿಗೂ ಹೆಚ್ಚಾದುದರಿಂದ ಒತ್ತಡ ಏಳನೆಯ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಜಲ್ಲಿಯ ಖರ್ಚನ್ನು ಉಳಿಸಿದವನು ಆ ಒತ್ತಡವನ್ನು ಮೆತ್ತನೆಯ ಮಣ್ಣಿನ ಮೇಲೆ ಹೇರುತ್ತಾನೆ.

ಕೆಲಸವನ್ನು ಆರಂಭಿಸುವ ಕ್ರಮ ಹೀಗೆ. ಬೇರು, ಕಸ, ಕಪ್ಪು ಮೇಲ್ಮಣ್ಣುಗಳನ್ನು ಪೂರ್ತಿ ತೆಗೆಯಬೇಕು. ಶೇಡಿ ಕಂಡರೆ ಇನ್ನೂ ಆಳಕ್ಕೆ ಅಗೆದು, ಮುರಕಲ್ಲಿನ ಗರಸನ್ನು ತುಂಬಬೇಕು. ಅನಂತರ ನೆಲವನ್ನು ದಮ್ಮಸು ಮಾಡಬೇಕು. ಮಣ್ಣು ತೀರ ಒಣಗಿದ್ದರೂ ತೀರ ಒದ್ದೆಯಾಗಿದ್ದರೂ ಚೆನ್ನಾಗಿ ಕೂರದು. ನಡುವಣ ಒಂದು ಹದದಲ್ಲಿ ಮಾತ್ರ ಅದು ಅತ್ಯಂತ ಒತ್ತಾಗಿ ಕೂರುತ್ತದೆ. ಅಮೆರಿಕದ ಪ್ರಾಕ್ಟರ್ ಎಂಬಾತನು ೧೯೩೩ರಲ್ಲಿ ಈ ಹದವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದನು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಸರಳ: ಮುಷ್ಟಿಯಲ್ಲಿ ಒತ್ತಿದ ಮಣ್ಣು ಉಂಡೆಯಾಗಬೇಕು, ಕೈಗೆ ಕೆಸರು ಮೆತ್ತಬಾರದು. ನೀರು ಚಿಮುಕಿಸಿ ಅಂಗಳ ಬಡಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಹದ ಕೈಯಲ್ಲಿಯೇ ಇತ್ತು.

ಜಲ್ಲಿಯನ್ನು ಒಮ್ಮೆಗೇ ಸುರಿಯಬಾರದು. ದಪ್ಪ, ಸಣ್ಣ ಕಲ್ಲುಗಳು ಬೆರೆತ ಜಲ್ಲಿಯನ್ನು ಏಳೆಂಟು ಸೆಂಟಿಮೀಟರಿನ ಪದರಗಳಾಗಿ ಹರಡಿ, ಒಂದೊಂದನ್ನೂ ಕಂಪಿಸುವ ಯಂತ್ರದಿಂದ ಒತ್ತಬೇಕು. ಅದರ ಮೇಲೆ ಮೂರು ಸೆಂಟಿಮೀಟರಿನಷ್ಟು ತರಿ ಮರಳು. ನೆಲದ ಏರುತಗ್ಗುಗಳನ್ನು ಮರಳು ತುಂಬಿ ಸರಿಪಡಿಸುವುದು ದೊಡ್ಡ ತಪ್ಪು. ದಪ್ಪವಾದ ಮರಳು ಮುಂದೆ ಜಾರಿ ಕಲ್ಲು ತಗ್ಗುತ್ತದೆ. ಕಡಲ ದಂಡೆಯ ಮರಳೂ ಬೇಡ. ಅದರ ಉಪ್ಪು ಕಲ್ಲಿನ ಮೇಲೆ ಬಿಳಿಯಾಗಿ ಹೊಮ್ಮಬಲ್ಲದು. ಉರುಟಾದ ನಯ ಕಣಗಳು ಹಿಡಿತವನ್ನೂ ಕೊಡವು.

ಕಲ್ಲಿನ ಆಯ್ಕೆ ಇದಾದ ಮೇಲಿನ ಮಾತು. ನಡೆದಾಡುವ ಅಂಗಳಕ್ಕೆ ೫೦ ಮಿಲಿಮೀಟರ್ ದಪ್ಪ ಸಾಕು. ಕಾರು ಬರುವುದಾದರೆ ೬೦ ಇರಲಿ. ಮೀನಿನ ಮುಳ್ಳಿನಂತೆ ಓರೆಯೋರೆಯಾಗಿ ಜೋಡಿಸಿದ ಕಲ್ಲುಗಳು, ಚಕ್ರ ತಿರುಗಿದಾಗ ಉಂಟಾಗುವ ತಳ್ಳುವಿಕೆಯನ್ನು ಚೆನ್ನಾಗಿ ತಡೆಯುತ್ತವೆ. ಸುತ್ತಲೂ ಕಾಂಕ್ರೀಟಿನ ಅಥವಾ ಶಿಲೆಕಲ್ಲಿನ ಅಂಚುಕಟ್ಟು ಬೇಕೇಬೇಕು. ಅಂಚಿಲ್ಲದ ಅಂಗಳ ಕಟ್ಟು ಬಿಚ್ಚಿದ ಹೊರೆಯಂತೆ. ಒಂದು ಕಲ್ಲು ಸರಿದರೆ ಉಳಿದವೂ ಸರಿಯುತ್ತವೆ. ಕೊನೆಯಲ್ಲಿ ಒಣಗಿದ ನಯ ಮರಳನ್ನು ಸಂದುಗಳಿಗೆ ಗುಡಿಸಿ, ಮತ್ತೆ ಯಂತ್ರ ಆಡಿಸಬೇಕು. ಸಂದಿನ ಮರಳೇ ಕಲ್ಲಿನಿಂದ ಕಲ್ಲಿಗೆ ಭಾರವನ್ನು ದಾಟಿಸುವ ಬೆಸುಗೆ. ಮಳೆಗೆ ಅದು ತೊಳೆದುಹೋದಲ್ಲಿ ಪ್ರತಿ ವರ್ಷ ತುಂಬುತ್ತಿರಬೇಕು.

ನೀರಿನ ದಾರಿಯನ್ನು ಮಾತ್ರ ಮೊದಲೇ, ನೆಲ ಅಗೆಯುವಾಗಲೇ ಗುರುತಿಸಿರಬೇಕು. ಮನೆಯಿಂದ ಹೊರಕ್ಕೆ ಐವತ್ತಕ್ಕೆ ಒಂದರಂತೆ ಇಳಿಜಾರಿರಲಿ. ಐದು ಮೀಟರ್ ಅಗಲಕ್ಕೆ ಇದು ಹತ್ತು ಸೆಂಟಿಮೀಟರ್. ಕಣ್ಣಿಗೆ ಕಾಣದಷ್ಟು ಅಲ್ಪವಾದರೂ ನೀರಿಗೆ ಇದು ಸಾಕು. ಈ ಇಳಿಜಾರನ್ನು ಮರಳಿನಲ್ಲಿ ಅಲ್ಲ, ಕೆಳಗಿನ ನೆಲದಲ್ಲಿಯೇ ಕೊಡಬೇಕು. ಮಾಡಿನ ನೀರು ಬೀಳುವ ಸಾಲಿಗೆ ಪ್ರತ್ಯೇಕ ಚರಂಡಿ ಬೇಕು.

ಹರಿದುಹೋಗುವ ಆ ನೀರಿನ ಗತಿಯೇನು? ಇಲ್ಲಿಯ ಬಾವಿಗಳು ಜುಲೈಯಲ್ಲಿ ತುಂಬಿ ತುಳುಕಿದರೂ ಏಪ್ರಿಲ್, ಮೇ ತಿಂಗಳಲ್ಲಿ ತಳ ಕಾಣುವುದುಂಟು. ಹಿಂದೆ ನೆಲದಲ್ಲಿ ಇಂಗುತ್ತಿದ್ದ ನೀರನ್ನೆಲ್ಲ ಕಲ್ಲು ಮುಚ್ಚಿ ರಸ್ತೆಗೆ ಅಟ್ಟಿದರೆ, ಬಾವಿಯ ಪಾಲನ್ನು ಕಸಿದಂತಾಗುತ್ತದೆ. ಅಂಗಳದ ತಗ್ಗಿನ ಅಂಚಿನಲ್ಲಿ ಜಲ್ಲಿ ತುಂಬಿದ ಇಂಗುಗುಂಡಿಯನ್ನು ತೋಡಿ ನೀರನ್ನು ಅಲ್ಲಿಗೆ ತಿರುಗಿಸುವುದು ಲೇಸು. ಗುಂಡಿ ಮನೆಯ ಅಡಿಪಾಯಕ್ಕೂ ಶೌಚಗುಂಡಿಗೂ ದೂರವಿರಲಿ. ಶೇಡಿ ಮಣ್ಣಿನ ಕಡಿದ ದರೆಯ ನೆತ್ತಿಯಲ್ಲಂತೂ ನೀರಿಂಗಿಸಲೇಬಾರದು. ದರೆ ಜರಿದು ಮನೆಯ ಮೇಲೆ ಬೀಳಬಹುದು.

ಈ ಕೆಲಸಕ್ಕೆ ತಕ್ಕ ಕಾಲ ಡಿಸೆಂಬರ್, ಜನವರಿ. ಆಗ ನೆಲದ ನೀರು ಇಳಿದಿರುತ್ತದೆ; ಮಳೆಯ ಅವಸರವೂ ಇರುವುದಿಲ್ಲ. ಮರಳು ಹರಡುವ ಮುಂಚೆ, ಒತ್ತಿದ ಜಲ್ಲಿಯ ಮೇಲೆ ಹತ್ತಾರು ಕೊಡ ನೀರು ಸುರಿದು ನೋಡಿರಿ. ನೀರು ನಿಂತ ಜಾಗವನ್ನು ಆಗಲೇ ತಿದ್ದಿದರೆ ಕೆಲಸ ಅರ್ಧ ದಿನದ್ದು. ಕಲ್ಲು ಹಾಸಿದ ಮೇಲಾದರೆ ಎಲ್ಲವನ್ನೂ ಕಿತ್ತು ಮೊದಲಿನಿಂದ ಮಾಡಬೇಕು.